ಗುಬ್ಬಿ ವೀರಣ್ಣ

ಗುಬ್ಬಿ ಹಂಪಣ್ಣ ವೀರಣ್ಣ (ಜನವರಿ 24, 1891 – ಅಕ್ಟೋಬರ್ 18, 1972) ಕನ್ನಡ ವೃತ್ತಿ ರಂಗಭೂಮಿಯ ಪ್ರಸಿದ್ಧ ಹಾಸ್ಯನಟರು, ನಾಟಕ ಕಂಪನಿಯ ಮಾಲೀಕರು ಹಾಗೂ ಕನ್ನಡ ಚಲನಚಿತ್ರರಂಗದ ಆರಂಭಕಾಲದ ನಟ ಮತ್ತು ನಿರ್ಮಾಪಕರು. ಸುಮಾರು ಐದೂವರೆ ದಶಕಗಳ ಕಾಲ ಗುಬ್ಬಿ ಕಂಪನಿಯನ್ನು ಮುನ್ನಡೆಸಿದ ಅವರು 'ನಾಟಕರತ್ನ' ಎಂಬ ಬಿರುದಿನಿಂದ ಖ್ಯಾತರಾಗಿದ್ದಾರೆ. ರಾಜ್‌ಕುಮಾರ್, ನರಸಿಂಹರಾಜು, ಬಾಲಕೃಷ್ಣ, ಜಿ. ವಿ. ಅಯ್ಯರ್, ಬಿ. ವಿ. ಕಾರಂತ ಮೊದಲಾದವರು ಈ ಕಂಪನಿಯ ಗರಡಿಯಲ್ಲಿ ಪಳಗಿದವರು.

ಬಾಲ್ಯ ಮತ್ತು ರಂಗಪ್ರವೇಶ

ವೀರಣ್ಣನವರು ತುಮಕೂರು ಜಿಲ್ಲೆಯ ಗುಬ್ಬಿಯವರು. ತಂದೆ ಹಂಪಣ್ಣ. ಅವರು ಹುಟ್ಟುವುದಕ್ಕೆ ಏಳು ವರ್ಷ ಮೊದಲೇ, 1884ರಲ್ಲಿ, ಗುಬ್ಬಿಯ ಚಂದಣ್ಣ, ಅಬ್ದುಲ್ ಅಜೀಜ್ ಮತ್ತು ಸುಲೇಮಾನ್ ಸಾಹೇಬರು ಒಂದುಗೂಡಿ ನಾಟಕ ಸಂಘವೊಂದನ್ನು ಕಟ್ಟಿದ್ದರು. ಊರಿನ ಆರಾಧ್ಯ ದೈವವಾದ ಚನ್ನಬಸವೇಶ್ವರನ ಹೆಸರನ್ನು ಹೊತ್ತ ಆ ಸಂಘವೇ ಮುಂದೆ ಗುಬ್ಬಿ ಕಂಪನಿಯೆಂದು ನಾಡಿನಾದ್ಯಂತ ಹೆಸರಾಯಿತು. ಬೇರೆ ಬೇರೆ ಮತಗಳ ಗೆಳೆಯರು ಸೇರಿ ಕಟ್ಟಿದ ಸಂಸ್ಥೆಯಿದು ಎಂಬುದು ಗಮನಾರ್ಹ.

ವೀರಣ್ಣನವರು ಸುಮಾರು ಆರನೆಯ ವಯಸ್ಸಿನಲ್ಲಿ ಈ ಕಂಪನಿಯನ್ನು ಸೇರಿದರು. ಅಂದಿನ ಕಂಪನಿಗಳಲ್ಲಿ ಬಾಲನಟರ ವಿದ್ಯಾಭ್ಯಾಸವೆಲ್ಲ ರಂಗದ ಮೇಲೆಯೇ ನಡೆಯುತ್ತಿತ್ತು. ಹಾಡು, ಮಾತು, ವೇಷಗಾರಿಕೆ, ಪರದೆ ಕಟ್ಟುವುದು, ದೀಪ ಹೊಂದಿಸುವುದು ಎಲ್ಲವನ್ನೂ ಹಿರಿಯರ ಜೊತೆಯಲ್ಲಿದ್ದು ಕಲಿಯಬೇಕಿತ್ತು. ಸ್ತ್ರೀಪಾತ್ರಗಳನ್ನೂ ಗಂಡಸರೇ ಮಾಡುತ್ತಿದ್ದ ಕಾಲವದು. ಕೆಳಗಿನ ಮೆಟ್ಟಿಲಿನಿಂದ ಬಂದ ವೀರಣ್ಣನವರು 1917ರಲ್ಲಿ, ತಮ್ಮ ಇಪ್ಪತ್ತಾರನೆಯ ವಯಸ್ಸಿನಲ್ಲಿ, ಕಂಪನಿಯ ಮಾಲೀಕರಾದರು.

ಹಾಸ್ಯನಟನಾಗಿ

ಅಂದಿನ ಕಂಪನಿ ನಾಟಕಗಳಲ್ಲಿ ಮುಖ್ಯ ಸ್ಥಾನ ಹಾಡುವ ನಟನದು. ರಾಜನ ಪಾತ್ರಧಾರಿಗೆ ಕಂಠಸಿರಿಯಿದ್ದರೆ ಪ್ರೇಕ್ಷಕರು 'ಒನ್ಸ್ ಮೋರ್' ಎಂದು ಕೂಗಿ ಒಂದೇ ಹಾಡನ್ನು ಮತ್ತೆ ಮತ್ತೆ ಹಾಡಿಸುತ್ತಿದ್ದರು. ಹಾಸ್ಯ ಪಾತ್ರ ಅನೇಕ ವೇಳೆ ಪರದೆಯ ಹಿಂದೆ ಮುಂದಿನ ದೃಶ್ಯ ಸಿದ್ಧವಾಗುವವರೆಗೆ ಸಭಿಕರನ್ನು ಹಿಡಿದಿಡುವ ಸಾಧನವಾಗಿತ್ತು. ವೀರಣ್ಣನವರು ಈ ಪಾತ್ರವನ್ನೇ ತಮ್ಮದಾಗಿಸಿಕೊಂಡು, ಅದನ್ನು ನಾಟಕದ ಆಕರ್ಷಣೆಯ ಕೇಂದ್ರಕ್ಕೆ ತಂದರು. ಕಂಪನಿಯ ಮಾಲೀಕರಾದ ಮೇಲೂ ಅವರು ನಾಯಕನ ಕಿರೀಟಕ್ಕೆ ಆಸೆಪಡದೆ ಹಾಸ್ಯನಟರಾಗಿಯೇ ಉಳಿದರು. 'ವರ್ಸಟೈಲ್ ಕಮೆಡಿಯನ್' ಎಂಬ ಬಿರುದು ಅವರ ಹೆಸರಿನೊಂದಿಗೆ ಬೆರೆತುಹೋಯಿತು.

ಬೆಳ್ಳಾವೆ ನರಹರಿಶಾಸ್ತ್ರಿಗಳ 'ಸದಾರಮೆ' ನಾಟಕದ ಕಳ್ಳನ ಪಾತ್ರ ಅವರ ಪಾತ್ರಗಳಲ್ಲಿ ಅತ್ಯಂತ ಜನಪ್ರಿಯವಾದದ್ದು. ಸದಾರಮೆಯ ಜಾಣ್ಮೆಯ ಮುಂದೆ ಸೋತು ಪೆಚ್ಚಾಗುವ ಈ ಕಳ್ಳ ದುಷ್ಟನಾಗಿದ್ದರೂ ಪ್ರೇಕ್ಷಕರಿಗೆ ಪ್ರಿಯನಾದನು. ಕನ್ನಡದಲ್ಲಿ ಮಾತ್ರವಲ್ಲದೆ ತೆಲುಗು ಪ್ರದೇಶದಲ್ಲಿಯೂ ಕಂಪನಿ ಜನಮನ್ನಣೆ ಗಳಿಸಿದ್ದರಿಂದ ವೀರಣ್ಣನವರು 'ಕರ್ನಾಟಕಾಂಧ್ರ ನಾಟಕ ಸಾರ್ವಭೌಮ' ಎಂದೂ ಕರೆಸಿಕೊಂಡರು.

ಕಂಪನಿಯ ವಿಸ್ತಾರ

ನಗುವಿನಿಂದ ಬಂದ ಹಣವನ್ನು ವೀರಣ್ಣನವರು ರಂಗಕ್ಕೇ ಸುರಿದರು. ಕಂಪನಿಯ ಕ್ಯಾಂಪ್ ಊರಿಂದೂರಿಗೆ ಹೋಗುವಾಗ ಪರದೆ, ಸೀನರಿ, ಉಡುಪು, ದೀಪದ ಸಾಮಗ್ರಿಗಳ ಜೊತೆಗೆ ನಟರು, ವಾದ್ಯಗಾರರು, ಅಡುಗೆಯವರು ಮತ್ತು ಅವರ ಸಂಸಾರಗಳೂ ಹೊರಡುತ್ತಿದ್ದವು. ಒಂದು ಊರಿನಲ್ಲಿ ಮಳೆ ಹಿಡಿದರೆ ಅಥವಾ ಕಲೆಕ್ಷನ್ ಬಾರದಿದ್ದರೆ ಇಷ್ಟು ಜನರ ಊಟದ ಹೊಣೆ ಮಾಲೀಕನ ಮೇಲೆಯೇ ಬೀಳುತ್ತಿತ್ತು. ಹೀಗಿದ್ದರೂ ಅವರು ಕಂಪನಿಗೆ ಶಾಖೆಗಳನ್ನು ತೆರೆದರು, ಮಕ್ಕಳಿಗಾಗಿಯೇ ಪ್ರತ್ಯೇಕ ಶಾಖೆಯನ್ನು ನಡೆಸಿದರು.

ಸ್ತ್ರೀಪಾತ್ರಗಳಿಗೆ ಸ್ತ್ರೀಯರನ್ನೇ ತಂದದ್ದು ಕಂಪನಿಯ ಇನ್ನೊಂದು ಮುಖ್ಯ ಹೆಜ್ಜೆ. ನಾಟಕದ ಹೆಂಗಸರನ್ನು ಸಮಾಜ ಗೌರವದಿಂದ ಕಾಣದಿದ್ದ ದಿನಗಳಲ್ಲಿ ಮಳವಳ್ಳಿ ಸುಂದರಮ್ಮ ಮತ್ತು ಬಿ. ಜಯಮ್ಮ ಈ ಕಂಪನಿಯ ಮುಖ್ಯ ನಟಿಯರಾಗಿ ಮೆರೆದರು. ಇಂದಿನ ಮಂಡ್ಯ ಜಿಲ್ಲೆಯ ಮಳವಳ್ಳಿಯ ಹೆಸರನ್ನು ತಮ್ಮ ಹೆಸರಿನೊಂದಿಗೆ ರಂಗದ ಮೇಲೆ ಕೊಂಡೊಯ್ದವರು ಸುಂದರಮ್ಮನವರು. ಈ ಇಬ್ಬರು ಕಲಾವಿದೆಯರೂ ವೀರಣ್ಣನವರನ್ನು ವಿವಾಹವಾದರು.

'ಕುರುಕ್ಷೇತ್ರ'

1934ರಲ್ಲಿ ಪ್ರದರ್ಶಿಸಿದ 'ಕುರುಕ್ಷೇತ್ರ' ಗುಬ್ಬಿ ಕಂಪನಿಯ ವೈಭವದ ಶಿಖರವೆನಿಸಿದೆ. ಬಿ. ಪುಟ್ಟಸ್ವಾಮಯ್ಯನವರು ರಚಿಸಿದ ಈ ನಾಟಕದಲ್ಲಿ ಆನೆ, ಕುದುರೆ, ರಥಗಳನ್ನು ನಿಜವಾಗಿಯೇ ರಂಗಕ್ಕೆ ತರಲಾಯಿತು. ಚಿತ್ರಿಸಿದ ಪರದೆಯ ಮೇಲಷ್ಟೇ ಯುದ್ಧವನ್ನು ಕಂಡಿದ್ದ ಪ್ರೇಕ್ಷಕರಿಗೆ ಅದು ಹೊಸ ಅನುಭವವಾಗಿತ್ತು. ಪುಟ್ಟಸ್ವಾಮಯ್ಯನವರ 'ದಶಾವತಾರ' ಕೂಡ ಕಂಪನಿಗೆ ಕೀರ್ತಿ ತಂದಿತು.

ಕಂಪನಿ ನಾಟಕಗಳ ಪ್ರಭಾವ ಪಟ್ಟಣಗಳಿಗೆ ಸೀಮಿತವಾಗಲಿಲ್ಲ. ತುಮಕೂರು, ಮೈಸೂರು, ಮಂಡ್ಯ ಜಿಲ್ಲೆಗಳ ಹಳ್ಳಿಗಳಲ್ಲಿ ಹಬ್ಬ, ಜಾತ್ರೆಗಳ ಸಂದರ್ಭದಲ್ಲಿ ರೈತರು ಹಾರ್ಮೋನಿಯಂ ಮಾಸ್ತರರಿಂದ ಕಲಿತು ಇಡೀ ರಾತ್ರಿ ಆಡುವ ಪೌರಾಣಿಕ ನಾಟಕಗಳಲ್ಲಿ ಇಂದಿಗೂ ಕಂಪನಿ ಶೈಲಿಯ ರಂಗಸಜ್ಜಿಕೆ, ಕಂದ ಮತ್ತು ಹಾಡುಗಳ ಧಾಟಿ ಉಳಿದಿವೆ.

ಚಲನಚಿತ್ರರಂಗ

ಸಿನಿಮಾ ಬಂದರೆ ನಾಟಕಕ್ಕೆ ಕುತ್ತು ಎಂದು ಅನೇಕರು ಅಂಜುತ್ತಿದ್ದಾಗ ವೀರಣ್ಣನವರು ಆ ಹೊಸ ಮಾಧ್ಯಮಕ್ಕೂ ಕೈಹಾಕಿದರು. ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನ' ತೆರೆಕಂಡದ್ದು 1934ರಲ್ಲಿ. ಅದಕ್ಕೂ ಮೊದಲೇ ಅವರು ಬೆಂಗಳೂರಿನಲ್ಲಿ ಕರ್ನಾಟಕ ಪಿಕ್ಚರ್ಸ್ ಕಾರ್ಪೊರೇಷನ್ ಎಂಬ ಸಂಸ್ಥೆಯ ಮೂಲಕ ಮೂಕಿ ಚಿತ್ರಗಳನ್ನು ತಯಾರಿಸಿದರು. 'ಹಿಸ್ ಲವ್ ಅಫೇರ್' (1931) ಚಿತ್ರವನ್ನು ಬೆಲ್ಜಿಯಂ ದೇಶದ ರಫೇಲ್ ಅಲ್ಗೋಯೆಟ್ ನಿರ್ದೇಶಿಸಿದರು. ವೀರಣ್ಣ ಮತ್ತು ಜಯಮ್ಮ ಅದರಲ್ಲಿ ಅಭಿನಯಿಸಿದರು. 'ಹರಿಮಾಯಾ' ಚಿತ್ರವನ್ನು ವೈ. ವಿ. ರಾವ್ ನಿರ್ದೇಶಿಸಿದರು. ಮಾತೇ ಬಂಡವಾಳವಾಗಿದ್ದ ಹಾಸ್ಯನಟನಿಗೆ ಮಾತಿಲ್ಲದ ಮಾಧ್ಯಮವೆಂದರೆ ದೊಡ್ಡ ಸವಾಲು. ಈ ಸಾಹಸಗಳು ಲಾಭ ತರಲಿಲ್ಲ. ಆದರೂ ಅವರು ಚಿತ್ರರಂಗವನ್ನು ಬಿಡಲಿಲ್ಲ.

ವಾಕ್ಚಿತ್ರಗಳ ಕಾಲದಲ್ಲಿ 'ಸುಭದ್ರಾ' (1941), 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ', 'ಗುಣಸಾಗರಿ' (1953) ಚಿತ್ರಗಳೊಂದಿಗೆ ಅವರ ಹೆಸರು ಸೇರಿದೆ. 'ಜೀವನ ನಾಟಕ' ಚಿತ್ರದ ಸಾಹಿತ್ಯ ಕಾದಂಬರಿಕಾರ ಅ. ನ. ಕೃಷ್ಣರಾಯರದು. ವೀರಣ್ಣನವರು ಚಿತ್ರಮಂದಿರಗಳನ್ನೂ ಕಟ್ಟಿಸಿದರು.

'ಬೇಡರ ಕಣ್ಣಪ್ಪ' (1954) ಅವರು ಕನ್ನಡ ಚಿತ್ರರಂಗಕ್ಕೆ ನೀಡಿದ ದೊಡ್ಡ ಕೊಡುಗೆ. ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದ ಈ ಚಿತ್ರದ ನಿರ್ಮಾಣದಲ್ಲಿ ವೀರಣ್ಣನವರು ಪಾಲುದಾರರಾಗಿದ್ದರು. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಗುಬ್ಬಿ ಕಂಪನಿಯ ನಟರು. ಅವರ ಮಗ ಮುತ್ತುರಾಜ್ ಬಾಲ್ಯದಲ್ಲಿಯೇ ತಂದೆಯೊಂದಿಗೆ ಕಂಪನಿಯಲ್ಲಿ ಬೆಳೆದವರು. ಈ ಚಿತ್ರದಲ್ಲಿ ಅವರು ರಾಜ್‌ಕುಮಾರ್ ಎಂಬ ಹೆಸರಿನಿಂದ ನಾಯಕರಾದರು. ತಿಪಟೂರಿನ ನರಸಿಂಹರಾಜು ಅವರಿಗೂ ಇದೇ ಚಿತ್ರದಿಂದ ಬೆಳ್ಳಿತೆರೆಯ ಬದುಕು ಆರಂಭವಾಯಿತು. ಚಿತ್ರವು ರಾಷ್ಟ್ರಪ್ರಶಸ್ತಿಯ ಅರ್ಹತಾ ಪತ್ರವನ್ನು ಪಡೆಯಿತು.

ಶಿಷ್ಯ ಪರಂಪರೆ

ಗುಬ್ಬಿ ಕಂಪನಿಯನ್ನು ಕನ್ನಡ ಕಲಾವಿದರ ಪಾಠಶಾಲೆಯೆಂದು ಕರೆಯುವುದು ವಾಡಿಕೆ. ಅಲ್ಲಿ ಪಳಗಿದವರು ರಂಗಭೂಮಿ ಮತ್ತು ಚಿತ್ರರಂಗಗಳೆರಡನ್ನೂ ತುಂಬಿದರು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆಬಿಟ್ಟು ಬಂದ ಹುಡುಗ ಬಿ. ವಿ. ಕಾರಂತರಿಗೆ ಕಂಪನಿ ಆಶ್ರಯ ನೀಡಿತು. ಅವರ ಓದಿನ ಹಂಬಲವನ್ನು ಗುರುತಿಸಿದ ವೀರಣ್ಣನವರು ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಕಾರಂತರು ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು. ಒಳ್ಳೆಯ ನಟನನ್ನು ಕಂಪನಿಯಲ್ಲಿಯೇ ಉಳಿಸಿಕೊಳ್ಳುವುದು ಮಾಲೀಕನಿಗೆ ಲಾಭ. ಓದಲು ಕಳುಹಿಸಿದರೆ ಆತ ಹಿಂದಿರುಗುವ ಭರವಸೆಯಿಲ್ಲ. ವೀರಣ್ಣನವರ ಈ ನಿರ್ಧಾರದ ಫಲ ಅವರ ಕಂಪನಿಗಿಂತಲೂ ಹೆಚ್ಚಾಗಿ ಭಾರತೀಯ ರಂಗಭೂಮಿಗೆ ದೊರೆಯಿತು.

ವೀರಣ್ಣನವರ ಪುತ್ರಿ ಜಿ. ವಿ. ಮಾಲತಮ್ಮ ನಟಿಯಾಗಿದ್ದರು. ಮಾಲತಮ್ಮನವರ ಮಗಳು ಬಿ. ಜಯಶ್ರೀ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ತರಬೇತಿ ಪಡೆದು, 'ಸ್ಪಂದನ' ತಂಡದ ಮೂಲಕ ಅಜ್ಜನ ಕಾಲದ 'ಸದಾರಮೆ'ಯನ್ನು ಹೊಸ ತಲೆಮಾರಿನ ಪ್ರೇಕ್ಷಕರಿಗೆ ತೋರಿಸಿದರು.

ಕೊನೆಯ ವರ್ಷಗಳು ಮತ್ತು ಗೌರವಗಳು

ಸಿನಿಮಾ ಜನಪ್ರಿಯವಾದಂತೆ ವೃತ್ತಿ ನಾಟಕ ಕಂಪನಿಗಳ ಗಳಿಕೆ ಕುಗ್ಗುತ್ತ ಬಂದಿತು. ವೀರಣ್ಣನವರು ಬೆಳೆಸಿದ ನಟರೇ ಬೆಳ್ಳಿತೆರೆಯ ತಾರೆಗಳಾದಾಗ, ಅವರನ್ನು ನೋಡಲು ಜನ ಕಂಪನಿಯ ಥಿಯೇಟರಿಗೆ ಬದಲಾಗಿ ಚಿತ್ರಮಂದಿರಕ್ಕೆ ಹೋಗುವಂತಾಯಿತು. ತಮ್ಮ ರಂಗಜೀವನದ ಅನುಭವಗಳನ್ನು ಅವರು 'ಕಲೆಯೇ ಕಾಯಕ' ಎಂಬ ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಗಳಿಕೆಯನ್ನು ಮರಳಿ ರಂಗಕ್ಕೇ ಒಪ್ಪಿಸಿದ ಅವರ ಬಾಳಿಗೆ ಆ ಶೀರ್ಷಿಕೆ ಒಪ್ಪುತ್ತದೆ.

ಅವರಿಗೆ ಸಂದ ಮುಖ್ಯ ಗೌರವಗಳು:

1955 – ಅಭಿನಯಕ್ಕಾಗಿ ಕೇಂದ್ರ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ
1972 – ಭಾರತ ಸರ್ಕಾರದ ಪದ್ಮಶ್ರೀ ಪ್ರಶಸ್ತಿ

ಪದ್ಮಶ್ರೀ ಬಂದ ವರ್ಷವೇ, ಅಕ್ಟೋಬರ್ 18ರಂದು, ವೀರಣ್ಣನವರು ನಿಧನರಾದರು. ತುಮಕೂರಿನ ರಂಗಮಂದಿರಕ್ಕೆ ಅವರ ಹೆಸರನ್ನು ಇಡಲಾಗಿದೆ. ರಂಗಭೂಮಿಯಲ್ಲಿ ಗಣನೀಯ ಸೇವೆ ಸಲ್ಲಿಸಿದವರಿಗೆ ಕರ್ನಾಟಕ ಸರ್ಕಾರವು ಗುಬ್ಬಿ ವೀರಣ್ಣ ಪ್ರಶಸ್ತಿಯನ್ನು ನೀಡುತ್ತದೆ.