ಡಾ. ಹೋಮಿ ಭಾಭಾ ಮತ್ತು ನಮ್ಮ ಮೊದಲ ಗಣಕಯಂತ್ರ

ಪರೇಲಿನಲ್ಲಿ ದುಡಿಯುವ ನಮ್ಮ ಬಂಧುಗಳಿಗೆ ಟಾಟಾ ಸ್ಮಾರಕ ಆಸ್ಪತ್ರೆಯ ಪರಿಚಯವನ್ನು ಹೇಳಬೇಕಾದುದಿಲ್ಲ. 1941ರಲ್ಲಿ ಆರಂಭವಾದ ಈ ಆಸ್ಪತ್ರೆಯು 1962ರಲ್ಲಿ ಅಣುಶಕ್ತಿ ಇಲಾಖೆಯ ಆಡಳಿತಕ್ಕೆ ಬಂದಿತು. ಅಂದು ಆ ಇಲಾಖೆಯ ಚುಕ್ಕಾಣಿ ಹಿಡಿದಿದ್ದವರು ಡಾ. ಹೋಮಿ ಜಹಾಂಗೀರ್ ಭಾಭಾ. ಅವರನ್ನು ಅಣುವಿಜ್ಞಾನಿಯೆಂದು ಎಲ್ಲರೂ ಬಲ್ಲರು. ಆದರೆ ಇಂದು ನಮ್ಮ ಹೋಟೆಲಿನ ಗಲ್ಲಾದಿಂದ ಗುಮಾಸ್ತರ ಮೇಜಿನವರೆಗೆ ಬಂದು ಕುಳಿತಿರುವ ಗಣಕಯಂತ್ರವನ್ನು ಭಾರತೀಯರ ಕೈಯಿಂದಲೇ ಮೊದಲು ಕಟ್ಟಿಸಿದ ಕೀರ್ತಿಯೂ ಅವರಿಗೆ ಸಲ್ಲುತ್ತದೆಂಬುದನ್ನು ಅರಿತವರು ವಿರಳ.

ಭಾಭಾ ಅವರು 1909ನೇ ಅಕ್ಟೋಬರ್ 30ರಂದು ಮುಂಬಯಿಯ ಪಾರ್ಸಿ ಮನೆತನದಲ್ಲಿ ಜನಿಸಿದರು. ಮಗನು ಇಂಜಿನಿಯರನಾಗಬೇಕೆಂಬುದು ಹಿರಿಯರ ಇಚ್ಛೆ. ಕೇಂಬ್ರಿಜ್ಜಿನಲ್ಲಿ ಆ ವಿದ್ಯೆಯನ್ನು ಮೊದಲ ದರ್ಜೆಯಲ್ಲಿ ಮುಗಿಸಿ ಹಿರಿಯರ ಮಾತನ್ನು ನಡೆಸಿದ ಬಳಿಕವೇ ಅವರು ತಮಗೆ ಪ್ರಿಯವಾದ ಭೌತವಿಜ್ಞಾನಕ್ಕೆ ತಿರುಗಿದರು. 1939ರಲ್ಲಿ ರಜೆಗೆಂದು ಊರಿಗೆ ಬಂದಿದ್ದಾಗ ಮಹಾಯುದ್ಧವು ಆರಂಭವಾಗಲು, ಹಿಂದಿರುಗುವ ಹಾದಿ ಮುಚ್ಚಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರವು ಅವರಿಗೆ ಆಶ್ರಯವಿತ್ತಿತು. ಅಲ್ಲಿಯೇ 1945ರ ಜೂನಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು ಉದಯಿಸಿ, ಅದೇ ವರ್ಷದ ಕೊನೆಗೆ ಮುಂಬಯಿಗೆ ಸಾಗಿ ಬಂದಿತು. ನಮ್ಮಲ್ಲಿ ಅನೇಕರಂತೆ ಆ ಸಂಸ್ಥೆಯೂ ಕನ್ನಡ ನೆಲದಲ್ಲಿ ಕಣ್ತೆರೆದು ಮುಂಬಯಿಯಲ್ಲಿ ಬೆಳೆದುದೆಂಬುದನ್ನು ನೆನೆದರೆ ನಮಗೆ ಹರ್ಷವಾಗುತ್ತದೆ.

ವಿಜ್ಞಾನದ ಲೆಕ್ಕಗಳು ಕೈಯಿಂದ ಮುಗಿಯುವಂತಿರಲಿಲ್ಲ. ಹೊರದೇಶದ ಯಂತ್ರವನ್ನು ಕೊಂಡು ತಂದಿದ್ದರೆ ಕೆಲಸ ಸುಲಭವಾಗುತ್ತಿತ್ತು. ಭಾಭಾ ಅವರಾದರೋ ಆರ್. ನರಸಿಂಹನ್ ಮೊದಲಾದ ತರುಣರಿಗೆ ಯಂತ್ರವನ್ನು ಇಲ್ಲಿಯೇ ಕಟ್ಟುವ ಹೊಣೆಯನ್ನು ಒಪ್ಪಿಸಿದರು. 1956ರಲ್ಲಿ ಚಿಕ್ಕ ಮಾದರಿಯು ನಡೆಯಿತು. 1960ರಲ್ಲಿ ಪೂರ್ಣ ಯಂತ್ರವು ಸಿದ್ಧವಾಯಿತು. 1962ರಲ್ಲಿ ಪ್ರಧಾನಿ ನೆಹರೂ ಅವರು ಅದಕ್ಕೆ ಟಿಫ್ರ್ಯಾಕ್ ಎಂದು ಹೆಸರಿಟ್ಟರು. ಹಳೆಯ ರೇಡಿಯೋದೊಳಗೆ ಕೆಂಪಗೆ ಕಾಯುತ್ತಿದ್ದಂಥ ವಾಲ್ವುಗಳು ಅದರಲ್ಲಿ ಸುಮಾರು 2,700 ಇದ್ದವು.

ಆದರೆ ಆ ಯಂತ್ರವು ಸಿದ್ಧವಾಗುವಷ್ಟರಲ್ಲಿ ವಾಲ್ವಿನ ಕಾಲವೇ ಸರಿಯತೊಡಗಿತ್ತು. 1947ರಲ್ಲಿ ಅಮೆರಿಕದಲ್ಲಿ ಕಂಡುಹಿಡಿದ ಟ್ರಾನ್ಸಿಸ್ಟರು ಅದರ ಸ್ಥಾನಕ್ಕೆ ಬಂದು, ಎರಡನೆಯ ತಲೆಮಾರಿನ ಗಣಕಯಂತ್ರಗಳು ಹುಟ್ಟಿದ್ದವು. 1964ರಲ್ಲಿ ಅಂಥ ಅಮೆರಿಕದ ಯಂತ್ರವೊಂದನ್ನು ಸಂಸ್ಥೆಯು ತರಿಸಿಕೊಂಡಿತು. ಹಾಗಾದರೆ ಆ ತರುಣರ ಶ್ರಮವು ವ್ಯರ್ಥವಾಯಿತೇ? ನಮಗೆ ಹಾಗೆ ತೋರುವುದಿಲ್ಲ. ಒರಳಿನಲ್ಲಿ ಇಡ್ಲಿಹಿಟ್ಟನ್ನು ರುಬ್ಬಿ ಹದ ಅರಿತ ಭಟ್ಟನಿಗೆ ಗ್ರೈಂಡರು ಬಂದಾಗ ಕೈಕಟ್ಟಿದಂತಾಗಲಿಲ್ಲ. ಒರಳು ಮೂಲೆ ಸೇರಿದರೂ ಹದವು ಅವನಲ್ಲಿಯೇ ಉಳಿಯಿತು.

ಮುಂದೆ ತಲೆಮಾರುಗಳು ಬೇಗಬೇಗನೆ ಉರುಳಿದವು. ಹಲವು ಟ್ರಾನ್ಸಿಸ್ಟರುಗಳನ್ನು ಒಂದೇ ಚೂರಿನಲ್ಲಿ ಕೂಡಿಸುವ ವಿದ್ಯೆಯು 1958ರಲ್ಲಿ ಸಾಧಿಸಿ, ಮೂರನೆಯ ತಲೆಮಾರಿಗೆ ದಾರಿಯಾಯಿತು. 1971ರಲ್ಲಿ 2,300 ಟ್ರಾನ್ಸಿಸ್ಟರುಗಳುಳ್ಳ ಚಿಪ್ಪು ಉಗುರಿಗಿಂತ ಚಿಕ್ಕದಾಗಿ ಹೊರಬಂದು ನಾಲ್ಕನೆಯದನ್ನು ಆರಂಭಿಸಿತು. ಭಾಭಾ ಅವರ ಸಂಸ್ಥೆಯಲ್ಲಿ ಕೆಲಕಾಲ ದುಡಿದ ನಮ್ಮ ಕಿನ್ನಿಕಂಬಳದ ಕೆ. ಪಿ. ರಾಯರು ಗಣಕಯಂತ್ರದಲ್ಲಿ ಕನ್ನಡವನ್ನು ಬರೆಯುವ ಕೀಲಿಮಣೆಯನ್ನು ರೂಪಿಸಿಕೊಟ್ಟುದನ್ನು ಕನ್ನಡಿಗರು ಮರೆಯಲಾರರು.

ಇವನ್ನೆಲ್ಲ ಕಾಣಲು ಭಾಭಾ ಅವರು ಉಳಿಯಲಿಲ್ಲ. 1966ನೇ ಜನವರಿ 24ರಂದು ಆಲ್ಪ್ಸ್ ಪರ್ವತದ ಮೋಂ ಬ್ಲಾಂ ಶಿಖರದಲ್ಲಿ ನಡೆದ ವಿಮಾನಾಪಘಾತದಲ್ಲಿ ತಮ್ಮ 56ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಹೊಸ ಯಂತ್ರವೊಂದು ಬಂದಾಗಲೆಲ್ಲ ನಮ್ಮ ಗುಮಾಸ್ತ ಬಂಧುಗಳು ಅನ್ನಕ್ಕೆ ಎರವಾಯಿತೆಂದು ಅಂಜುವುದನ್ನು ನಾವು ಕಂಡಿದ್ದೇವೆ. ನಮ್ಮ ಹೋಟೆಲಿಗೆ ಬಿಲ್ಲಿನ ಯಂತ್ರ ಬಂದ ದಿನ, ಗಲ್ಲಾದಲ್ಲಿ ಲೆಕ್ಕ ಕೂಡಿಸುತ್ತಿದ್ದ ನಾವೂ ಅಂಜಿದೆವು. ಆ ಅಂಜಿಕೆ ಸುಳ್ಳಲ್ಲ. ಕೆಲವರ ಕೆಲಸ ಹೋದುದೂ ಉಂಟು. ಆದರೆ ಯಂತ್ರವನ್ನು ಕೊಂಡವನಿಗಿಂತ ಅದನ್ನು ಕಲಿತವನು ಹೆಚ್ಚು ಕಾಲ ಬಾಳುವನೆಂಬುದನ್ನು ಭಾಭಾ ಅವರ ಜೀವನವು ತೋರಿಸುತ್ತದೆ. ಕೆಲಸ ಮುಗಿದ ಬಳಿಕ ದಿನಕ್ಕೆ ಒಂದು ಗಂಟೆಯನ್ನಾದರೂ ಕಲಿಕೆಗೆ ಮೀಸಲಿಡಿರೆಂದು ನಮ್ಮ ತರುಣರಲ್ಲಿ ನಾವು ವಿನಂತಿಸುತ್ತೇವೆ.