ತಂಗಿಯ ಋಣ ಮರೆಯದ ಮೆಂಡೆಲ್

ತಳಿವಿಜ್ಞಾನದ ಜನಕ ಗ್ರೆಗರ್ ಮೆಂಡೆಲ್ 1822ರಲ್ಲಿ ಇಂದಿನ ಚೆಕ್ ಗಣರಾಜ್ಯದ ಹಳ್ಳಿಯೊಂದರ ರೈತ ಕುಟುಂಬದಲ್ಲಿ ಜನಿಸಿದರು. ಹಣವಿಲ್ಲದೆ ಓದು ನಿಲ್ಲುವಂತಾದಾಗ ತಂಗಿ ತೆರೇಸಿಯಾ ತನ್ನ ಮದುವೆಯ ಪಾಲಿನ ಒಂದಂಶವನ್ನು ಅಣ್ಣನಿಗೆ ಬಿಟ್ಟುಕೊಟ್ಟಳು. ಮುಂದೆ ಬ್ರನೋ ನಗರದ ಮಠ ಸೇರಿದ ಅವರು ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ಎರಡು ಬಾರಿಯೂ ಯಶಸ್ಸು ಕಾಣಲಿಲ್ಲ.

ಆದರೂ 1856ರಿಂದ ಎಂಟು ವರ್ಷ ಮಠದ ತೋಟದಲ್ಲಿ ಸುಮಾರು 28,000 ಬಟಾಣಿ ಗಿಡಗಳನ್ನು ಪರೀಕ್ಷಿಸಿದರು. ಎತ್ತರದ ಮತ್ತು ಗಿಡ್ಡ ತಳಿಗಳ ಸಂಕರದಲ್ಲಿ ಮರೆಯಾದ ಗಿಡ್ಡತನ, ಮುಂದಿನ ಪೀಳಿಗೆಯ ನಾಲ್ಕರಲ್ಲೊಂದು ಪಾಲು ಗಿಡಗಳಲ್ಲಿ ಮರಳಿತು. ತಂದೆತಾಯಿಯರಿಂದ ಒಂದೊಂದರಂತೆ ಬರುವ ಜೋಡಿ ಅಂಶಗಳೇ ಗುಣಗಳಿಗೆ ಕಾರಣವೆಂದು ಅವರು ತರ್ಕಿಸಿದರು. 1866ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ಮನ್ನಣೆ ದೊರೆತದ್ದು 1900ರಲ್ಲಿ. ಮೆಂಡೆಲ್ 1884ರಲ್ಲೇ ನಿಧನರಾಗಿದ್ದರು.

ಆ ಅಂಶಗಳೇ ಇಂದಿನ ಜೀನ್‌ಗಳು: ಪ್ರೋಟೀನ್ ರಚನೆಗೆ ಡಿಎನ್‌ಎಯಲ್ಲಿ ಅಡಗಿರುವ ಸೂಚನೆಗಳು. ತಂಗಿಯ ಋಣವನ್ನು ಮೆಂಡೆಲ್ ಆಕೆಯ ಮಕ್ಕಳನ್ನು ಓದಿಸಿ ತೀರಿಸಿದರು.