ಜೌಗು ನೆಲದಲ್ಲಿ ರಾಜಧಾನಿ ಕಟ್ಟಿದ ಪೀಟರ್

ರಷ್ಯಾದ ದೊರೆ ಪೀಟರ್ 1672ರಲ್ಲಿ ಮಾಸ್ಕೋದಲ್ಲಿ ಜನಿಸಿದನು. ನಾಲ್ಕು ವರ್ಷ ತುಂಬುವ ಮೊದಲೇ ತಂದೆ ತೀರಿಕೊಂಡ. ಹತ್ತನೇ ವಯಸ್ಸಿಗೆ ಪಟ್ಟವೇನೋ ಸಿಕ್ಕಿತು, ಆದರೆ ಏಳು ವರ್ಷ ಆಡಳಿತ ನಡೆಸಿದ್ದು ಮಲಅಕ್ಕ ಸೋಫಿಯಾ. ಹುಡುಗ ಪೀಟರನಿಗೆ ದೋಣಿ, ಹಡಗುಗಳದೇ ಹುಚ್ಚು. 1697ರಲ್ಲಿ ಹೆಸರು ಮರೆಸಿಕೊಂಡು ಹಾಲೆಂಡಿಗೆ ಹೋಗಿ, ಬಡಗಿಗಳ ಜೊತೆ ಕೊಡಲಿ ಹಿಡಿದು ಹಡಗು ಕಟ್ಟುವುದನ್ನು ಕಲಿತ. ಆರೂವರೆ ಅಡಿಗಿಂತ ಎತ್ತರದ ಆಳು, ಜನರಿಗೆ ಗುರುತು ಸಿಗದೆ ಇರುತ್ತದೆಯೇ!

ರಷ್ಯಾ ಬಹಳ ದೊಡ್ಡ ದೇಶ. ಆದರೆ ಯುರೋಪಿಗೆ ಹಡಗು ಕಳಿಸಲು ಅದಕ್ಕಿದ್ದದ್ದು ಉತ್ತರದ ಅರ್ಖಾಂಗೆಲ್ಸ್ಕ್ ಬಂದರು ಮಾತ್ರ. ಅಲ್ಲಿ ಎಷ್ಟೋ ತಿಂಗಳು ನೀರು ಹೆಪ್ಪುಗಟ್ಟಿರುತ್ತಿತ್ತು. ಬಾಲ್ಟಿಕ್ ಸಮುದ್ರದ ದಡ ಸ್ವೀಡನ್ನಿನ ವಶದಲ್ಲಿತ್ತು. 1700ರಲ್ಲಿ ಪೀಟರ್ ಅವರ ಮೇಲೆ ಯುದ್ಧಕ್ಕೆ ನಿಂತ. 1703ರಲ್ಲಿ ನೇವಾ ನದಿ ಸಮುದ್ರ ಸೇರುವ ಜಾಗ ಕೈಗೆ ಬಂದ ಕೂಡಲೇ ಅಲ್ಲಿನ ಒಂದು ಸಣ್ಣ ದ್ವೀಪದಲ್ಲಿ ಕೋಟೆ ಕಟ್ಟಿಸಲು ಶುರು ಮಾಡಿದ. ಸೇಂಟ್ ಪೀಟರ್ಸ್‌ಬರ್ಗ್ ನಗರ ಹುಟ್ಟಿದ್ದು ಹೀಗೆ.

ಜಾಗ ಎಂಥದು ಗೊತ್ತೇ? ಕಾಲಿಟ್ಟರೆ ಹೂತುಹೋಗುವ ಕೆಸರು. ಆಗಾಗ ಪ್ರವಾಹ. ಕಟ್ಟಡಕ್ಕೆ ಕಲ್ಲೂ ಇಲ್ಲ. ಊರಿಗೆ ಬರುವ ಪ್ರತಿ ಗಾಡಿ, ಪ್ರತಿ ಹಡಗೂ ಇಂತಿಷ್ಟು ಕಲ್ಲು ತರಲೇಬೇಕೆಂದು ಆಜ್ಞೆಯಾಯಿತು. ಅದೂ ಸಾಲದೆ 1714ರಲ್ಲಿ ದೇಶದ ಬೇರೆಲ್ಲೂ ಕಲ್ಲಿನ ಮನೆ ಕಟ್ಟಬಾರದೆಂದು ಅಪ್ಪಣೆ ಹೊರಟಿತು. ವರ್ಷವರ್ಷವೂ ದೂರದ ಹಳ್ಳಿಗಳಿಂದ ಸಾವಿರಾರು ರೈತರನ್ನು ಬಲವಂತವಾಗಿ ಹಿಡಿದು ತಂದರು. ಹಾರೆ, ಬುಟ್ಟಿ ಸಾಲದೆ ಎಷ್ಟೋ ಜನ ಅಂಗಿಯ ಉಡಿಯಲ್ಲೇ ಮಣ್ಣು ಹೊತ್ತರಂತೆ. ಚಳಿ, ಜ್ವರ, ಹಸಿವಿನಿಂದ ಸಾವಿರಾರು ಮಂದಿ ಸತ್ತರು. ಹೊಲ ಬಿಟ್ಟು ಬಂದವರು ಅವರು, ರಾಜಧಾನಿ ಬೇಕೆಂದು ಕೇಳಿದವರಲ್ಲ. ಪೀಟರನನ್ನು ಮಹಾನ್ ಎನ್ನುವಾಗ ನನಗೆ ಅವರೇ ನೆನಪಾಗುತ್ತಾರೆ.

ಪೀಟರ್ ಮಾತ್ರ ಸುಖಕ್ಕೆ ಕಾದವನಲ್ಲ. ಮೊದಲು ಅವನು ಇದ್ದದ್ದು ಮೂರೇ ದಿನದಲ್ಲಿ ಕಟ್ಟಿದ ಮರದ ದಿಮ್ಮಿಯ ಮನೆಯಲ್ಲಿ. ಆ ಮನೆ ಈಗಲೂ ಇದೆ. 1712ರಲ್ಲಿ ರಾಜಧಾನಿ ಮಾಸ್ಕೋದಿಂದ ಇಲ್ಲಿಗೆ ಬಂತು. ಶ್ರೀಮಂತರಿಗೆ ಮಾಸ್ಕೋ ಬಿಡಲು ಇಷ್ಟವಿರಲಿಲ್ಲ, ಆದರೂ ದೊರೆಯ ಮಾತು ಮೀರುವಂತಿರಲಿಲ್ಲ. ಬಂದು, ಹೇಳಿದ ನಕ್ಷೆಯಂತೆ ಮನೆ ಕಟ್ಟಿಕೊಂಡರು. ಸ್ವಂತ ಮಗ ಅಲೆಕ್ಸಿಗೇ ತಂದೆಯ ದಾರಿ ಹಿಡಿಸಲಿಲ್ಲ. ಅವನ ಮೇಲೆ ದ್ರೋಹದ ಆರೋಪ ಬಂತು. ಚಿತ್ರಹಿಂಸೆ ಅನುಭವಿಸಿ 1718ರಲ್ಲಿ ಅದೇ ಕೋಟೆಯ ಸೆರೆಯಲ್ಲಿ ಸತ್ತ.

1721ರಲ್ಲಿ ಯುದ್ಧ ಗೆದ್ದು ಪೀಟರ್ ಚಕ್ರವರ್ತಿಯಾದ. 1725ರಲ್ಲಿ, 52ನೇ ವಯಸ್ಸಿಗೆ ತೀರಿಕೊಂಡ. ಅವನ ಸಮಾಧಿಯೂ ಆ ಕೋಟೆಯೊಳಗಿನ ಚರ್ಚಿನಲ್ಲೇ ಇದೆ. ಮುಂದೆ ಅಲೆಕ್ಸಿಯ ಮಗ ದೊರೆಯಾದಾಗ, 1728ರಲ್ಲಿ, ಆಸ್ಥಾನ ಗಂಟುಮೂಟೆ ಕಟ್ಟಿಕೊಂಡು ಮಾಸ್ಕೋಗೆ ವಾಪಸ್ ಹೋಯಿತು! 1732ರಲ್ಲಿ ರಾಣಿ ಆನ್ನಾ ಅದನ್ನು ಮತ್ತೆ ನೇವಾ ದಡಕ್ಕೆ ತಂದಳು. ಆಮೇಲೆ 1918ರವರೆಗೆ ರಾಜಧಾನಿ ಅಲ್ಲೇ ಇತ್ತು.